ನಿಲಯದ ನಿಯಮ, ನಿಲಯಾರ್ಥಿಯ ನ್ಯಾಯ

ವಿಶ್ವವಿದ್ಯಾನಿಲಯದ ಹಾಸ್ಟೆಲಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಯು ಕೊಠಡಿಯ ಬೀಗದ ಕೈಯನ್ನು ಪಡೆಯುವುದಕ್ಕೆ ಮುಂಚೆ ಒಂದು ಮುದ್ರಿತ ಕಾಗದಕ್ಕೆ ಸಹಿ ಹಾಕುವುದು ವಾಡಿಕೆ. ರಾತ್ರಿ ಇಷ್ಟು ಗಂಟೆಗೆ ಬಾಗಿಲು ಮುಚ್ಚುವುದು, ಹೊರಗಿನವರನ್ನು ಕೊಠಡಿಯಲ್ಲಿ ತಂಗಿಸಕೂಡದು, ವಿದ್ಯುತ್ ಒಲೆಯನ್ನು ಇಟ್ಟುಕೊಳ್ಳಕೂಡದು, ಮೆಸ್ಸಿನ ಬಾಕಿಯನ್ನು ಗೊತ್ತಾದ ದಿನದೊಳಗೆ ಸಲ್ಲಿಸತಕ್ಕದ್ದು, ಊರಿಗೆ ಹೋಗುವಾಗ ವಾರ್ಡನ್ನರ ಅನುಮತಿ ಪಡೆಯತಕ್ಕದ್ದು ಎಂದು ಒಂದರ ಹಿಂದೆ ಒಂದಾಗಿ ಸಾಗುವ ಆ ನಿಯಮಗಳ ಸಾಲು, ಶಿಸ್ತಿನ ವಿಷಯದಲ್ಲಿ ಆಡಳಿತವರ್ಗದ ನಿರ್ಣಯವೇ ಅಂತಿಮವೆಂಬ ಅರ್ಥದ ಒಂದು ವಾಕ್ಯದಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಮುಗಿಯುತ್ತದೆ. ವಿದ್ಯಾರ್ಥಿಯ ಸಹಿಯ ಕೆಳಗೆ ತಂದೆಯೋ ತಾಯಿಯೋ ಸಹಿ ಮಾಡುತ್ತಾರೆ. ಓದಿ ಸಹಿ ಮಾಡುವವರು ವಿರಳ. ಓದಿದವರಿಗೂ ಒಪ್ಪದೆ ಗತ್ಯಂತರವಿಲ್ಲ.

ಆ ಕಾಗದವನ್ನು ಸಾವಧಾನವಾಗಿ ಪರಿಶೀಲಿಸಿದಲ್ಲಿ, ಪರಸ್ಪರ ಭಿನ್ನವಾದ ಎರಡು ಬಗೆಯ ನಿಯಮಗಳು ಅಲ್ಲಿ ಒಂದೇ ಧ್ವನಿಯಲ್ಲಿ ನುಡಿಯುತ್ತಿರುವುದು ಕಂಡುಬರುತ್ತದೆ. ನಿಲಯದಲ್ಲಿ ವಾಸಿಸುವ ಒಬ್ಬನನ್ನು ಇನ್ನೊಬ್ಬನ ಪೀಡನೆಯಿಂದ, ಬೆಂಕಿಯಿಂದ, ಕಳವಿನಿಂದ, ನಿದ್ರಾಭಂಗದಿಂದ ಕಾಪಾಡುವುದಕ್ಕಾಗಿ ಹುಟ್ಟಿದ ನಿಯಮಗಳು ಒಂದು ಬಗೆ. ನಿಲಯಾರ್ಥಿಯ ನಡತೆಯಿಂದ ಸಂಸ್ಥೆಯ ಹೆಸರಿಗೆ ಕಳಂಕ ತಟ್ಟೀತೆಂಬ ಭಯದಿಂದ ಹುಟ್ಟಿದವು ಇನ್ನೊಂದು ಬಗೆ. ಮೊದಲನೆಯವುಗಳಲ್ಲಿ ಆಡಳಿತವು ಕಠಿನವಾಗಿರಬೇಕು, ಎರಡನೆಯವುಗಳಲ್ಲಿ ಸಂಯಮದಿಂದಿರಬೇಕು ಎಂಬುದು ಸಹಜವಾದ ನ್ಯಾಯ. ಆದರೆ ನಮ್ಮ ದೇಶದಲ್ಲಿ ದೀರ್ಘಕಾಲ ನಡೆದುಬಂದದ್ದು ಇದಕ್ಕೆ ತದ್ವಿರುದ್ಧ. ಹತ್ತು ನಿಮಿಷ ತಡವಾಗಿ ಬಂದ ಹುಡುಗಿಯ ಮನೆಗೆ ಫೋನು ಹೋಗುತ್ತಿದ್ದ ಅದೇ ಕಾಲದಲ್ಲಿ, ಮೊದಲ ವರ್ಷದ ಹುಡುಗನನ್ನು ಇರುಳೆಲ್ಲ ನಿಲ್ಲಿಸಿ ಹಿಂಸಿಸಿದ ಸಂಗತಿ ಯಾವ ದಾಖಲೆಗೂ ಏರದೆ ಹೋಗುತ್ತಿತ್ತು. ಈ ಎರಡು ದೋಷಗಳಿಗೂ ಮೂಲ ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ; ಅದು ಅಪಕೀರ್ತಿಯ ಭಯ.

ವಿದ್ಯಾರ್ಥಿಗಳಿಗೆ ವಸತಿ ಕಲ್ಪಿಸುವುದು ಕನ್ನಡನಾಡಿಗೆ ಹೊಸತೇನೂ ಅಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ 945ರ ಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯಲ್ಲಿ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿದ್ದರೆಂದೂ, ಅವರ ವಾಸಕ್ಕೆ 27 ನಿವೇಶನಗಳು ಮೀಸಲಾಗಿದ್ದವೆಂದೂ ಹೇಳುತ್ತದೆ. ದೀಪದ ವೆಚ್ಚಕ್ಕೂ ಅಲ್ಲಿ ಭೂಮಿಯನ್ನು ಬಿಡಲಾಗಿತ್ತು. ಆಧುನಿಕ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾದ ಸುಮಾರಿಗೆ, ಹಳ್ಳಿಗಳಿಂದ ನಗರಕ್ಕೆ ಓದಲು ಬಂದ ಬಡ ಹುಡುಗರು ವಾರಾನ್ನದಿಂದ, ಎಂದರೆ ದಿನಕ್ಕೊಂದು ಮನೆಯ ಊಟದಿಂದ, ಕಾಲ ತಳ್ಳುತ್ತಿದ್ದರು; ಆ ಸೌಲಭ್ಯವೂ ಎಲ್ಲ ಜಾತಿಯವರಿಗೆ ಎಟುಕುವಂತಿರಲಿಲ್ಲ. ಈ ಕೊರತೆಯನ್ನು ನೀಗಲು ಸಮುದಾಯಗಳು ತಮ್ಮ ತಮ್ಮ ಮಕ್ಕಳಿಗಾಗಿ ಹಾಸ್ಟೆಲುಗಳನ್ನು ಕಟ್ಟಿಕೊಂಡವು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದ ಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿದವು. ತರುವಾಯ ಸರ್ಕಾರವೇ ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ತೆರೆಯಿತು. ಅನ್ನ ಹಾಕಿದವನ ಮಾತಿಗೆ ಎದುರಾಡಕೂಡದೆಂಬ ಭಾವನೆ ಈ ಪರಂಪರೆಯಿಂದ ನಮ್ಮ ನಿಲಯಗಳಿಗೆ ಬಳುವಳಿಯಾಗಿ ಬಂದಿದೆ. ಕೃತಜ್ಞತೆಯು ಸದ್ಗುಣವೇ. ಆದರೆ ತೆರಿಗೆಯ ಹಣದಿಂದ ನಡೆಯುವ ನಿಲಯವೂ ತಾನು ಭಿಕ್ಷೆ ನೀಡುತ್ತಿರುವೆನೆಂಬಂತೆ ವರ್ತಿಸಿದರೆ, ಅಲ್ಲಿ ಶಿಸ್ತು ವಿನಯವನ್ನು ಬೆಳೆಸದೆ ದೈನ್ಯವನ್ನು ಬೆಳೆಸುತ್ತದೆ.

ವಾರ್ಡನ್ನರು ತಂದೆತಾಯಿಗಳ ಸ್ಥಾನದಲ್ಲಿರುವರೆಂಬ ಮಾತನ್ನು ನಾವೆಲ್ಲರೂ ಕೇಳಿ ಬೆಳೆದಿದ್ದೇವೆ. ಆಂಗ್ಲ ನ್ಯಾಯಪದ್ಧತಿಯಲ್ಲಿ ಇದೊಂದು ಸಿದ್ಧಾಂತವಾಗಿಯೇ ನೆಲೆಗೊಂಡಿತ್ತು. ಅಮೆರಿಕದ ಕೆಂಟಕಿ ಪ್ರಾಂತದ ಬೆರಿಯಾ ಕಾಲೇಜು ತನ್ನ ವಿದ್ಯಾರ್ಥಿಗಳು ಹೊರಗಿನ ಹೋಟೆಲುಗಳಲ್ಲಿ ಉಣ್ಣಕೂಡದೆಂದು ವಿಧಿಸಿದಾಗ, ಎದುರುಗಡೆಯ ಹೋಟೆಲಿನ ಒಡೆಯನು ನ್ಯಾಯಾಲಯಕ್ಕೆ ಹೋದನು. ವಿದ್ಯಾರ್ಥಿಗಳ ಶಾರೀರಿಕ, ನೈತಿಕ ಕ್ಷೇಮದ ವಿಷಯದಲ್ಲಿ ಕಾಲೇಜು ಪಿತೃಸ್ಥಾನದಲ್ಲಿದೆಯೆಂದು 1913ರಲ್ಲಿ ತೀರ್ಪಾಯಿತು. ಈ ಸಿದ್ಧಾಂತಕ್ಕೆ ಬಲವಾದ ಪೆಟ್ಟು ಬಿದ್ದದ್ದು 1961ರಲ್ಲಿ. ಅಲಬಾಮಾದ ಸರ್ಕಾರಿ ಕಾಲೇಜೊಂದರ ಕರಿಯ ವಿದ್ಯಾರ್ಥಿಗಳು ವರ್ಣಭೇದವನ್ನು ಪ್ರತಿಭಟಿಸಿ ಬಿಳಿಯರಿಗೆ ಮೀಸಲಾದ ಉಪಾಹಾರಗೃಹದಲ್ಲಿ ಕುಳಿತರು. ಅವರ ಮಾತನ್ನು ಕೇಳದೆಯೇ ಕಾಲೇಜು ಅವರನ್ನು ಹೊರಗಟ್ಟಿತು. ಆರೋಪವೇನೆಂದು ತಿಳಿಸದೆ, ಉತ್ತರಕ್ಕೆ ಅವಕಾಶ ಕೊಡದೆ ಸರ್ಕಾರಿ ಕಾಲೇಜು ಯಾರನ್ನೂ ಉಚ್ಚಾಟಿಸಕೂಡದೆಂದು ಮೇಲ್ಮನವಿಯ ನ್ಯಾಯಾಲಯ ನಿರ್ಣಯಿಸಿತು. ತಂದೆಯು ಮಗನನ್ನು ಗದರಿಸುವಾಗ ಆರೋಪಪಟ್ಟಿಯನ್ನು ಕೊಡುವುದಿಲ್ಲ, ನಿಜ. ಆದರೆ ತಂದೆಯು ಮಗನ ಕೊಠಡಿಯನ್ನು ಕಸಿದು ಬೇರೊಬ್ಬನಿಗೆ ಹಂಚುವುದೂ ಇಲ್ಲ. ಪಿತೃಸ್ಥಾನದ ಅಧಿಕಾರವನ್ನು ಪಡೆದ ಸಂಸ್ಥೆ ಪಿತೃವಾತ್ಸಲ್ಯದ ಹೊಣೆಯಿಂದ ತಪ್ಪಿಸಿಕೊಳ್ಳಬಲ್ಲದೆಂಬುದೇ ಈ ಸಿದ್ಧಾಂತದ ದೌರ್ಬಲ್ಯ.

ಬಾಗಿಲಿನ ಹೊತ್ತಿನ ಪ್ರಶ್ನೆ ಬಂದಾಗ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಇಲ್ಲಿ ಪೋಷಕರ ಪಕ್ಷವನ್ನು ಲಘುವಾಗಿ ಕಾಣುವುದು ಅನ್ಯಾಯವಾದೀತು. ಸಂಜೆಯೊಳಗೆ ಬಾಗಿಲು ಹಾಕುತ್ತಾರೆಂಬ ಒಂದು ಭರವಸೆಯ ಮೇಲೆಯೇ ಎಷ್ಟೋ ತಾಲ್ಲೂಕುಗಳ ಎಷ್ಟೋ ಹೆಣ್ಣುಮಕ್ಕಳು ಮನೆಯ ಹೊಸ್ತಿಲು ದಾಟಿ ಪದವಿ ಪಡೆದಿದ್ದಾರೆ. ಆ ಬೀಗ ಒಂದು ಕಾಲದಲ್ಲಿ ಅವರ ಪಾಲಿಗೆ ಓದಿನ ದಾರಿಯನ್ನು ತೆರೆದುಕೊಟ್ಟಿತು. ಇದನ್ನು ಮರೆತು ಮಾತನಾಡುವವರಿಗೆ ಹಳ್ಳಿಯ ತಂದೆಯ ಕಳವಳ ಅರ್ಥವಾಗಿಲ್ಲವೆಂದೇ ಹೇಳಬೇಕು. ಆದರೆ ಅದೇ ಬೀಗ, ಗ್ರಂಥಾಲಯವೂ ಪ್ರಯೋಗಶಾಲೆಯೂ ತೆರೆದಿರುವ ಹೊತ್ತಿನಲ್ಲಿ ಹುಡುಗಿಯರನ್ನು ಮಾತ್ರ ಒಳಗಿಟ್ಟು, ಹುಡುಗರ ನಿಲಯದ ಬಾಗಿಲನ್ನು ತೆರೆದೇ ಇರಿಸಿದಾಗ, ರಕ್ಷಣೆಯೆಂಬುದು ಅಸಮಾನತೆಯಾಗಿ ಪರಿಣಮಿಸುತ್ತದೆ. ಒಂದೇ ಪರೀಕ್ಷೆಗೆ ಕೂರುವ ಇಬ್ಬರಲ್ಲಿ ಒಬ್ಬರಿಗೆ ಗ್ರಂಥಾಲಯದ ಎರಡು ಮೂರು ಗಂಟೆಗಳು ಪ್ರತಿ ದಿನವೂ ಕಡಿಮೆಯಾಗುತ್ತವೆ.

2015ರಲ್ಲಿ ದೆಹಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾನಿಲಯವು ವಿದ್ಯಾರ್ಥಿನಿಯರಿಗೆ ತಡವಾಗಿ ಮರಳಲು ಇದ್ದ ಅನುಮತಿಯನ್ನು ರದ್ದು ಮಾಡಿದುದು ಪಿಂಜ್ರಾ ತೋಡ್ ಎಂಬ ಚಳವಳಿಯ ಆರಂಭಕ್ಕೆ ಕಾರಣವಾಗಿ, ಈ ಪ್ರಶ್ನೆ ದೇಶವ್ಯಾಪಿಯಾಯಿತು. ಮರುವರ್ಷ ಪ್ರಕಟವಾದ, ಲೈಂಗಿಕ ಕಿರುಕುಳವನ್ನು ತಡೆಯುವ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ವಿಧಿಗಳು, ಸುರಕ್ಷತೆಯ ಹೆಸರನ್ನು ಹೇಳಿ ಮಹಿಳಾ ಹಾಸ್ಟೆಲುಗಳಲ್ಲಿ ಪುರುಷರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಕೂಡದೆಂದು ನಿರ್ದೇಶಿಸಿದವು. ವಿಧಿ ಬಂದ ಮಾತ್ರಕ್ಕೆ ಬೀಗ ತೆರೆಯಲಿಲ್ಲ. ಒಂದೊಂದು ನಿಲಯದ ಒಂದೊಂದು ನಿಯಮವನ್ನೂ ಪ್ರಶ್ನಿಸಬೇಕಾಯಿತು. ಈ ಕಾರ್ಯದಲ್ಲಿ ಕೇರಳದ ವಿದ್ಯಾರ್ಥಿನಿಯರು ತೋರಿದ ಧೈರ್ಯ ಸ್ಮರಣೀಯ. ತ್ರಿಶೂರಿನ ಶ್ರೀ ಕೇರಳವರ್ಮ ಕಾಲೇಜಿನ ಮಹಿಳಾ ನಿಲಯದಲ್ಲಿ ಸಂಜೆಯ ಮತ್ತು ರಾತ್ರಿಯ ಸಿನಿಮಾ ಪ್ರದರ್ಶನಗಳಿಗೆ ಹೋಗಕೂಡದೆಂದೂ, ರಾಜಕೀಯ ಸಭೆಗಳಲ್ಲಿ ಭಾಗವಹಿಸಕೂಡದೆಂದೂ ನಿಯಮಗಳಿದ್ದವು. ಆಡಳಿತವು ತನ್ನ ನೈತಿಕ ಅಭಿರುಚಿಯನ್ನು ನಿಲಯಾರ್ಥಿಗಳ ಮೇಲೆ ಹೇರಲಾಗದೆಂದು ಹೇಳಿ ಕೇರಳ ಹೈಕೋರ್ಟು 2019ರಲ್ಲಿ ಅವನ್ನು ತೊಡೆದುಹಾಕಿತು. ಅದೇ ವರ್ಷ ಕೋಝಿಕ್ಕೋಡ್ ಸಮೀಪದ ಚೇಳನ್ನೂರಿನ ಕಾಲೇಜೊಂದರ ವಿದ್ಯಾರ್ಥಿನಿಯು, ಸಂಜೆ ಆರರಿಂದ ಹತ್ತರವರೆಗೆ ಮೊಬೈಲನ್ನು ಒಪ್ಪಿಸಬೇಕೆಂಬ ನಿಯಮಕ್ಕೆ ಮಣಿಯದ ಕಾರಣ ನಿಲಯದಿಂದ ಹೊರಹಾಕಲ್ಪಟ್ಟು ನ್ಯಾಯಾಲಯದ ಮೆಟ್ಟಿಲೇರಿದಳು. ಅಂತರ್ಜಾಲದ ಬಳಕೆಯು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ನ್ಯಾಯಮೂರ್ತಿ ಪಿ. ವಿ. ಆಶಾ ಅವರು ನಿರ್ಣಯಿಸಿ, ಅವಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿದರು. 2022ರಲ್ಲಿ ಕೋಝಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು, ರಾತ್ರಿ ಒಂಬತ್ತೂವರೆಗೆ ತಮಗೆ ಮಾತ್ರ ಬೀಗವೇಕೆಂದು ಕೇಳಿದರು. ಅಂಜಿಕೆ ಇರುವುದು ಪುರುಷರಿಂದಾದರೆ ಬೀಗ ಸ್ತ್ರೀಯರಿಗೇಕೆಂದು ನ್ಯಾಯಪೀಠವೂ ಕೇಳಿತು. ಇಬ್ಬರಿಗೂ ಸಮಾನವಾದ ನಿಯಮವನ್ನು ಸರ್ಕಾರವು ಆ ವರ್ಷದ ಡಿಸೆಂಬರಿನಲ್ಲಿ ಹೊರಡಿಸಿತು.

ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರ ಈ ವಾದದಲ್ಲಿ ಒಂದು ವಿಶೇಷವಿದೆ. ನಾಳೆ ಇದೇ ಹುಡುಗಿಯರು ನಡುರಾತ್ರಿಯ ಪಾಳಿಯಲ್ಲಿ ರೋಗಿಗಳ ಪ್ರಾಣದ ಹೊಣೆಯನ್ನು ಹೊರುವವರು. ಆ ಹೊಣೆಗೆ ಅವರನ್ನು ಸಿದ್ಧಗೊಳಿಸುವ ಸಂಸ್ಥೆಯೇ, ಹದಿನೆಂಟು ದಾಟಿದ ಪ್ರಜೆಗಳೆಂದು ಕಾನೂನು ಒಪ್ಪಿದ ಅವರನ್ನು, ಹತ್ತು ಹೆಜ್ಜೆ ದೂರದ ಗ್ರಂಥಾಲಯದಿಂದ ಮರಳಲಾರದವರೆಂದು ಭಾವಿಸುವುದು ಶಿಕ್ಷಣದ ಉದ್ದೇಶಕ್ಕೇ ವಿರುದ್ಧ.

ಈಗ ನಿಯಮಗಳ ಮೊದಲನೆಯ ಬಗೆಗೆ, ಎಂದರೆ ಒಬ್ಬ ನಿಲಯಾರ್ಥಿಯನ್ನು ಇನ್ನೊಬ್ಬನಿಂದ ಕಾಪಾಡಬೇಕಾದ ನಿಯಮಗಳಿಗೆ ಬರುತ್ತೇನೆ. ಇಲ್ಲಿಯ ವೃತ್ತಾಂತ ದುಃಖಕರ. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವ ರ್‍ಯಾಗಿಂಗ್ ಎಂಬ ದುಷ್ಟ ಪದ್ಧತಿಯನ್ನು, ಸಂಕೋಚ ಕಳೆದು ಸ್ನೇಹ ಬೆಳೆಸುವ ವಿನೋದವೆಂದು ಸಮರ್ಥಿಸುವವರು ಬಹುಕಾಲ ಇದ್ದರು, ಈಗಲೂ ಇಲ್ಲದಿಲ್ಲ. 1996ರ ನವೆಂಬರಿನಲ್ಲಿ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾನಿಲಯದ ರಾಜಾ ಮುತ್ತಯ್ಯ ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ, ಅಡಿಯಾಳಿನಂತೆ ನಡೆದುಕೊಳ್ಳಲು ಒಪ್ಪದ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನನ್ನು ಹಿರಿಯ ವಿದ್ಯಾರ್ಥಿಯೊಬ್ಬನು ಕೊಂದ ವಾರ್ತೆ ಬಂದಾಗ, ವಿನೋದವೆಂಬ ಮಾತಿನ ಮುಸುಕು ಹರಿಯಿತು. ತಮಿಳುನಾಡು ಕೂಡಲೇ ಸುಗ್ರೀವಾಜ್ಞೆಯನ್ನು ಹೊರಡಿಸಿ, 1997ರಲ್ಲಿ ಅದನ್ನು ಕಾನೂನಾಗಿಸಿತು. ಕರ್ನಾಟಕದಲ್ಲಿ, 1983ರ ಹೆಸರನ್ನು ಹೊತ್ತು 1995ರಲ್ಲಿ ಜಾರಿಗೆ ಬಂದ ಶಿಕ್ಷಣ ಅಧಿನಿಯಮವು ಅದಕ್ಕೆ ಮುನ್ನವೇ ರ್‍ಯಾಗಿಂಗನ್ನು ಅಪರಾಧವೆಂದು ಸಾರಿ, ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತ್ತು. 2001ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಮಾರ್ಗಸೂಚಿಗಳನ್ನು ಕೊಟ್ಟಿತು. ಅವು ಪಾಲನೆಯಾಗದಿರಲು, ಸಿಬಿಐ ಸಂಸ್ಥೆಯ ನಿವೃತ್ತ ನಿರ್ದೇಶಕ ಆರ್. ಕೆ. ರಾಘವನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚಿತವಾಗಿ, ಅದರ ಶಿಫಾರಸುಗಳನ್ನು ನ್ಯಾಯಾಲಯವು 2007ರಲ್ಲಿ ಅಂಗೀಕರಿಸಿತು. ಅಷ್ಟಾಗಿಯೂ 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯು ಹಿರಿಯರ ಹೊಡೆತಕ್ಕೆ ಪ್ರಾಣ ತೆತ್ತನು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಯುಜಿಸಿ ಇಂದಿಗೂ ಜಾರಿಯಲ್ಲಿರುವ ವಿಧಿಗಳನ್ನು ಹೊರಡಿಸಿತು.

ಈ ವಿಧಿಗಳನ್ನು ಪೋಷಕರೆಲ್ಲರೂ ಒಮ್ಮೆಯಾದರೂ ಓದಬೇಕೆಂದು ನನ್ನ ಆಗ್ರಹ. ವಿದ್ಯಾರ್ಥಿಯೂ ಪೋಷಕರೂ ಪ್ರತಿ ವರ್ಷ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಸಾಧ್ಯವಾದ ಮಟ್ಟಿಗೆ ಹೊಸಬರಿಗೆ ಪ್ರತ್ಯೇಕ ವಸತಿಯಿರಬೇಕು. ಪೂರ್ಣಕಾಲಿಕ ವಾರ್ಡನ್ನರಿದ್ದು, ಅವರು ನಿಲಯದಲ್ಲಿಯೇ, ಅಲ್ಲವಾದರೆ ಅದರ ಸಮೀಪದಲ್ಲಿ ವಾಸಿಸಬೇಕು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೊಸಬರ ಅನುಭವವನ್ನು ಹೆಸರು ಹೊರಬೀಳದಂತೆ ಕೇಳಿ ತಿಳಿಯಬೇಕು. ದೂರು ಬಂದ 24 ಗಂಟೆಗಳೊಳಗೆ ಸಂಸ್ಥೆಯು ಪೊಲೀಸರಲ್ಲಿ ಪ್ರಕರಣ ದಾಖಲಿಸಬೇಕು. ಇವುಗಳಲ್ಲಿ ಪ್ರಮಾಣಪತ್ರದ ವಿಧಿ ಎಲ್ಲೆಡೆ ತಪ್ಪದೆ ನಡೆಯುತ್ತದೆ, ಏಕೆಂದರೆ ಅದು ಕಾಗದದ ಕೆಲಸ. ವಾರ್ಡನ್ನರ ವಾಸದ ವಿಧಿ, ಹೊಸಬರನ್ನು ಗುಟ್ಟಾಗಿ ವಿಚಾರಿಸುವ ವಿಧಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ, ಏಕೆಂದರೆ ಅವಕ್ಕೆ ಮನುಷ್ಯರು ಬೇಕು. ಹಗಲೆಲ್ಲ ತರಗತಿಯಲ್ಲಿ ಪಾಠ ಹೇಳಿದ ಅಧ್ಯಾಪಕರಿಗೆ ವಾರ್ಡನ್ ಪದವಿಯನ್ನು ಹೆಚ್ಚುವರಿ ಹೊಣೆಯಾಗಿ ವಹಿಸಿ, ನೂರಾರು ಹುಡುಗರ ಇರುಳನ್ನು ಅವರ ಹೆಗಲಿಗೇರಿಸಿದರೆ, ಎಷ್ಟೇ ಸಜ್ಜನರಾದರೂ ಅವರು ಮಾಡಬಲ್ಲುದಾದರೂ ಎಷ್ಟು? ವಿಧಿಗಳು ಬಂದು ಹದಿನಾಲ್ಕು ವರ್ಷಗಳಾದ ಮೇಲೆ, 2023ರ ಆಗಸ್ಟಿನಲ್ಲಿ, ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯದ ಮುಖ್ಯ ಹಾಸ್ಟೆಲಿನಿಂದ ಬಿದ್ದು ಪ್ರಥಮ ವರ್ಷದ ಬಾಲಕನೊಬ್ಬನು ಮೃತನಾದನು; ಹೊಸಬರನ್ನು ಪ್ರತ್ಯೇಕ ನಿಲಯಕ್ಕೆ ಸ್ಥಳಾಂತರಿಸಿದ್ದು ಆ ಮರಣದ ತರುವಾಯ. ದೇಶದ ಅಗ್ರಗಣ್ಯ ಸಂಸ್ಥೆಯೊಂದರ ಸ್ಥಿತಿಯೇ ಹೀಗಿರುವಾಗ ಉಳಿದೆಡೆಯ ವಿಷಯದಲ್ಲಿ ನಾವು ನಿಶ್ಚಿಂತರಾಗಿರುವುದು ಹೇಗೆ?

ದೂರು ಮೇಲಕ್ಕೆ ಬಾರದಿರಲು ಎರಡು ಕಾರಣಗಳುಂಟು. ಚಾಡಿಕೋರನೆಂಬ ಹೆಸರು ಹೊತ್ತು ನಾಲ್ಕು ವರ್ಷ ಅದೇ ಊಟದ ಮನೆಯಲ್ಲಿ ಕೂರಬೇಕಾದ ಹುಡುಗನ ಅಂಜಿಕೆ ಒಂದು. ಪತ್ರಿಕೆಯಲ್ಲಿ ಹೆಸರು ಬಂದರೆ ಮುಂದಿನ ವರ್ಷದ ಪ್ರವೇಶಕ್ಕೆ ಕುಂದೆಂದು ಭಾವಿಸುವ ಸಂಸ್ಥೆ, ಇಬ್ಬರನ್ನೂ ಕರೆದು ಕೈಕುಲುಕಿಸಿ ರಾಜಿ ಮಾಡಿಸಿ ಕಳುಹಿಸುವುದು ಇನ್ನೊಂದು. ಹುಡುಗಿಯ ಮೇಲೆ ಬೀಗ ಹಾಕಿದ ಕೈ, ಹುಡುಗನ ದೂರಿನ ಮೇಲೆ ಮುಚ್ಚಳ ಹಾಕುವ ಕೈ ಒಂದೇ ಎಂದು ಮೇಲೆ ಹೇಳಿದ್ದರ ಅರ್ಥ ಇದು. ಎರಡರಲ್ಲಿಯೂ ಆ ಮಗುವಿಗೆ ಏನಾಗುತ್ತಿದೆಯೆಂಬ ಪ್ರಶ್ನೆ ಹಿಂದಾಗಿ, ಜನ ಏನೆಂದಾರು ಎಂಬುದು ಮುಂದಾಗುತ್ತದೆ.

ಅಪರಾಧ ನಡೆದ ಮೇಲೆ ವಿಚಾರಣೆ ಹೇಗಿರಬೇಕು? ನಿಲಯದ ಸಂಬಂಧವಾಗಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಮಹತ್ತ್ವದ ತೀರ್ಪೊಂದನ್ನು ಕೊಟ್ಟಿದೆ. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಕೆಲವು ಹುಡುಗರು 1972ರ ಜೂನಿನ ಒಂದು ರಾತ್ರಿ ಹುಡುಗಿಯರ ನಿಲಯದ ಆವರಣವನ್ನು ಹೊಕ್ಕು ಅಸಭ್ಯವಾಗಿ ವರ್ತಿಸಿದರು. ಮೂವತ್ತಾರು ಹುಡುಗಿಯರು ಪ್ರಾಂಶುಪಾಲರಿಗೆ ದೂರು ಕೊಟ್ಟರು. ಮೂವರು ಅಧ್ಯಾಪಕರ ಸಮಿತಿಯು ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಪರೋಕ್ಷದಲ್ಲಿ ದಾಖಲಿಸಿಕೊಂಡಿತು. ಆರೋಪಿಗಳ ಭಾವಚಿತ್ರಗಳನ್ನು ಬೇರೆ ಇಪ್ಪತ್ತು ಭಾವಚಿತ್ರಗಳೊಡನೆ ಬೆರಸಿ ಗುರುತಿಸಲು ಹೇಳಿತು. ಅನಂತರ ಹುಡುಗರನ್ನು ಕರೆಸಿ ಆರೋಪವನ್ನು ತಿಳಿಸಿ ಅವರ ಉತ್ತರವನ್ನು ಪಡೆಯಿತು. ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸಲು ಅವಕಾಶ ಕೊಡಲಿಲ್ಲವೆಂಬ ಹುಡುಗರ ಆಕ್ಷೇಪಣೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಸಾಕ್ಷಿ ನುಡಿದ ಹುಡುಗಿಯರು ಮುಂದೆ ಎದುರಿಸಬಹುದಾದ ಸೇಡನ್ನು ಗಮನಿಸಿ, ಸಹಜನ್ಯಾಯದ ರೂಪವು ಸಂದರ್ಭಕ್ಕೆ ಅನುಗುಣವಾಗಿರುವುದೆಂದು ಹೇಳಿತು. ದುರ್ಬಲರ ರಕ್ಷಣೆ, ಆರೋಪಿಯ ಹಕ್ಕು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ಕ್ರಮ ನಮ್ಮ ಶಿಸ್ತು ಸಮಿತಿಗಳಿಗೆ ಇಂದಿಗೂ ಮಾದರಿಯಾಗಬಲ್ಲದು.

ಇದಕ್ಕೆ ಹೋಲಿಸಿದರೆ 2009ರ ವಿಧಿಗಳಲ್ಲಿ ಒಂದು ಅಂಶ ನನಗೆ ಒಪ್ಪಿಗೆಯಾಗುವುದಿಲ್ಲ: ಪೀಡಿಸಿದವರು ಯಾರೆಂದು ಪತ್ತೆಯಾಗದಿದ್ದಲ್ಲಿ ಸಾಮೂಹಿಕ ದಂಡನೆಯನ್ನು ವಿಧಿಸಬೇಕೆಂಬುದು. ಗುಂಪಿನ ಮೌನವನ್ನು ಮುರಿಯುವುದು ಇದರ ಉದ್ದೇಶವಿರಬಹುದು. ಆದರೆ ನಿರಪರಾಧಿಯನ್ನು ದಂಡಿಸುವ ಮನೆಯಲ್ಲಿ ನ್ಯಾಯದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ನಂಬಿಕೆಯಿಲ್ಲದ ಕಡೆ ಮೌನವು ಇನ್ನಷ್ಟು ಗಟ್ಟಿಯಾಗುತ್ತದೆ. ಮೇಲಾಗಿ ಈ ಅಭ್ಯಾಸ ರ್‍ಯಾಗಿಂಗಿನಂತಹ ಘೋರ ವಿಷಯದಿಂದ ಕ್ಷುದ್ರ ವಿಷಯಗಳಿಗೂ ಇಳಿದು, ಒಡೆದ ಒಂದು ಕಿಟಕಿಯ ಗಾಜಿಗೆ ಇಡೀ ಅಂತಸ್ತಿನವರಿಂದ ದಂಡ ವಸೂಲು ಮಾಡುವ ಪದ್ಧತಿಯಾಗಿ ಬಿಡುತ್ತದೆ.

ದಂಡನೆಗಳಲ್ಲೆಲ್ಲ ಅತಿ ಕಠಿನವಾದದ್ದು ನಿಲಯದಿಂದ ಹೊರಹಾಕುವುದು. ನಗರದಲ್ಲಿ ಮನೆಯಿರುವವನಿಗೆ ಅದು ಅನನುಕೂಲವಷ್ಟೆ. ಉಚಿತ ವಸತಿ, ಊಟಗಳ ಆಧಾರದ ಮೇಲೆಯೇ ಓದುತ್ತಿರುವ ಕೂಲಿಕಾರನ ಮಗನಿಗೆ, ನಿಲಯವಿದೆಯೆಂಬ ಕಾರಣಕ್ಕೆ ಮಾತ್ರ ಊರು ಬಿಡಲು ಅಪ್ಪಣೆ ಪಡೆದ ಹುಡುಗಿಗೆ, ಅದು ವಿದ್ಯೆಯ ಅಂತ್ಯ. ಒಂದೇ ಆಜ್ಞೆ ಇಬ್ಬರ ಮೇಲೆ ಇಷ್ಟು ವಿಷಮವಾಗಿ ಬೀಳುವಾಗ, ಆಜ್ಞೆ ಹೊರಡಿಸುವವರು ದೂರಿದವರೂ ತೀರ್ಪುಗಾರರೂ ತಾವೇ ಆಗಿರಕೂಡದು. ಆರೋಪವು ಲಿಖಿತವಾಗಿರಬೇಕು, ಉತ್ತರಿಸಲು ದಿನಗಳ ಅವಕಾಶವಿರಬೇಕು, ಕಾರಣಗಳನ್ನು ಬರೆದು ಕೊಡಬೇಕು, ಮೇಲ್ಮನವಿ ತೀರುವ ತನಕ, ಪ್ರಾಣಭಯದ ಪ್ರಕರಣಗಳನ್ನು ಬಿಟ್ಟು, ಕೊಠಡಿ ತೆರವಾಗಕೂಡದು. 2023ರಲ್ಲಿ ಯುಜಿಸಿ ಹೊರಡಿಸಿದ ವಿಧಿಗಳಂತೆ ಪ್ರತಿ ವಿಶ್ವವಿದ್ಯಾನಿಲಯದಲ್ಲಿಯೂ ವಿದ್ಯಾರ್ಥಿಗಳ ಕುಂದುಕೊರತೆಗಳ ಸಮಿತಿ, ಅದರ ಮೇಲೆ ಲೋಕಪಾಲರು ಇರತಕ್ಕದ್ದು. ಈ ದಾರಿಯಿರುವುದನ್ನು ಸೂಚನಾಫಲಕದಲ್ಲಿ, ಕನ್ನಡದಲ್ಲಿ, ಪ್ರವೇಶದ ದಿನವೇ ತಿಳಿಸಿದರೆ ಮಾತ್ರ ಹಳ್ಳಿಯಿಂದ ಬಂದ ನಿಲಯಾರ್ಥಿಗೆ ಅದರ ಪ್ರಯೋಜನ ಸಿಕ್ಕೀತು.

ನಿಯಮಗಳನ್ನು ರಚಿಸುವಾಗ ನಿಲಯಾರ್ಥಿಗಳ ಮಾತನ್ನು ಕೇಳುವುದರಿಂದ ಶಿಸ್ತು ಸಡಿಲವಾಗುವುದೆಂಬ ಶಂಕೆಗೆ ಆಧಾರವಿಲ್ಲ. ಐಐಟಿಗಳಲ್ಲಿಯೂ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿಯೂ ನಿಲಯಾರ್ಥಿಗಳೇ ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿ ಮೆಸ್ಸಿನ ಮೇಲ್ವಿಚಾರಣೆಯಲ್ಲಿ ಪಾಲ್ಗೊಳ್ಳುತ್ತ ಬಂದಿದ್ದಾರೆ. ಅನ್ನದ ಲೆಕ್ಕವನ್ನು ನೋಡಬಲ್ಲವರು ಶಾಂತಿಯ ವೇಳೆಯನ್ನೂ, ಅತಿಥಿಗಳ ನಿಯಮವನ್ನೂ ವಿವೇಕದಿಂದ ನಿಶ್ಚಯಿಸಬಲ್ಲರು. ಹಾಗೆ ನಿಶ್ಚಯಿಸಿದ ನಿಯಮವನ್ನು ಮುರಿದವನಿಗೆ ಎದುರಾಗುವುದು ವಾರ್ಡನ್ನರ ಕೋಪವಷ್ಟೇ ಅಲ್ಲ, ತನ್ನ ನೆರೆಯವರ ಅಸಮ್ಮತಿಯೂ ಹೌದು.

ಉಳಿದದ್ದು ಹಣದ ಮಾತು. ಬೀಗವೊಂದೇ ಅತ್ಯಂತ ಅಗ್ಗದ ರಕ್ಷಣೆಯಾದುದರಿಂದ ಆಡಳಿತಗಳು ಅದಕ್ಕೆ ಶರಣಾಗುತ್ತವೆ. ಗ್ರಂಥಾಲಯದಿಂದ ನಿಲಯದವರೆಗಿನ ದಾರಿಗೆ ದೀಪಗಳು, ರಾತ್ರಿ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಹೊರಡುವ ಒಂದು ಬಸ್ಸು, ಮಹಿಳಾ ಕಾವಲುಗಾರರು, ಅಧ್ಯಾಪನದ ಭಾರವಿಲ್ಲದ ಪೂರ್ಣಕಾಲಿಕ ವಾರ್ಡನ್ನರು, ವಾರಕ್ಕೆ ಕೆಲವು ದಿನವಾದರೂ ನಿಲಯಕ್ಕೆ ಬರುವ ಆಪ್ತಸಲಹೆಗಾರರು, ಇವಿಷ್ಟಕ್ಕೂ ವೆಚ್ಚವುಂಟು. ಮಗಳ ಸುರಕ್ಷತೆಯ ಚಿಂತೆಯಿಂದ ಬಾಗಿಲು ಬೇಗ ಮುಚ್ಚಿರೆಂದು ಕೇಳುವ ತಂದೆಗೆ ವಿಶ್ವವಿದ್ಯಾನಿಲಯವು ಕೊಡಬೇಕಾದ ಉತ್ತರ ಈ ಪಟ್ಟಿಯಲ್ಲಿದೆ. ಮುಂದಿನ ಆಯವ್ಯಯದ ಕರಡು ಹಣಕಾಸು ಸಮಿತಿಯ ಮುಂದೆ ಬರುವಾಗ, ಈ ಬಾಬುಗಳಿಗೆ ಎಷ್ಟು ಮೊತ್ತ ಇಟ್ಟಿದ್ದಾರೆಂದು ಸಿಂಡಿಕೇಟಿನ ಸದಸ್ಯರೂ ಪೋಷಕರೂ ಕೇಳತೊಡಗಬೇಕು.